ಲೋಲಕದ ಮೇಜಿನ ಅಳತೆಪಟ್ಟಿ

ಬಾಗಲಕೋಟೆಯ ನವನಗರದ ಒಂದು ಬಿ.ಎಡ್. ಕಾಲೇಜಿನಲ್ಲಿ ಮಹಾನಂದಾ ತಾತ್ಕಾಲಿಕ ಉಪನ್ಯಾಸಕಿ. ವಯಸ್ಸು ಮೂವತ್ತೈದು. ಇಳಕಲ್ಲಿನ ನೇಕಾರರ ಮನೆಯ ಮಗಳು; ಅದೇ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಪಾಠ ಹೇಳಲು ನಿಂತವಳು. ನಾಳೆ ವಿಜ್ಞಾನ ಕಲಿಸಬೇಕಾದವರು ಇಂದು ಅದನ್ನು ಹೇಗೆ ಕಲಿಯುತ್ತಾರೆ, ಅಳೆದು ಬರೆದು ತರ್ಕಿಸುವ ಶಕ್ತಿ ಅವರಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ಅವಳ ಪಿಎಚ್.ಡಿ. ಸಂಶೋಧನೆಯ ವಿಷಯ. ಪ್ರಬಂಧ ಒಪ್ಪಿಸಲು ಕೊನೆಯ ದಿನ 2025ರ ನವೆಂಬರ್ 28, ಶುಕ್ರವಾರ. ಆ ದಿನ ತಪ್ಪಿದರೆ ಐದು ವರ್ಷದ ನೋಂದಣಿಯೂ ಹೋಯಿತು, ಕಾಯಂ ನೌಕರಿಯ ಆಸೆಯೂ ಹೋಯಿತು.

ನಲವತ್ತೆಂಟು ವಿದ್ಯಾರ್ಥಿಗಳನ್ನು ಅವಳು ಎರಡು ಗುಂಪು ಮಾಡಿದ್ದಳು. ಮೊದಲ ಗುಂಪು ಎಂದಿನಂತೆ ಬೀರುವಿನಲ್ಲಿದ್ದ ಮಾದರಿ ಜರ್ನಲ್ ನೋಡಿಕೊಂಡು ಪ್ರಯೋಗ ಬರೆಯಿತು. ಎರಡನೆಯ ಗುಂಪಿಗೆ ಮಾದರಿ ಇಲ್ಲ. ತಾವು ಅಳೆದದ್ದನ್ನೇ, ತಮ್ಮ ಮಾತಿನಲ್ಲೇ ಬರೆಯಬೇಕು. ನಾಲ್ಕು ತಿಂಗಳ ನಂತರದ ಪರೀಕ್ಷೆ ಲೋಲಕದ ಪ್ರಯೋಗ: ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ದಾರದ ಉದ್ದದಿಂದಲೂ ತೂಗಾಟದ ಕಾಲದಿಂದಲೂ ಭೂಮಿಯ ಸೆಳೆತವನ್ನು ಲೆಕ್ಕ ಹಾಕುವುದು. ಪುಸ್ತಕದ ಉತ್ತರ 9.8. ಅದಕ್ಕೆ ಶೇಕಡಾ ಎರಡರೊಳಗೆ ಬಂದರೆ ಹತ್ತಕ್ಕೆ ನಾಲ್ಕು ಅಂಕ. ಬಾರದಿದ್ದರೆ ಆ ನಾಲ್ಕೂ ಇಲ್ಲ. ನಕಲು ಮಾಡಿದ ಗುಂಪಿನ ಸರಾಸರಿ 6.1ರಿಂದ 8.3ಕ್ಕೆ ಏರಿತು. ಸ್ವಂತ ಕೈಯಿಂದ ಅಳೆದವರದು 6.2ರಿಂದ 5.7ಕ್ಕೆ ಇಳಿಯಿತು.

ಶನಿವಾರ ಈ ಅಂಕಿಗಳನ್ನು ನೋಡಿದ ಮಾರ್ಗದರ್ಶಕ ಪ್ರೊ. ವಿಜಯಮಹಾಂತೇಶ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಕಾಪಿ ಹೊಡದವರು ಶಾಣ್ಯಾರಾದ್ರು, ಕಲತವರು ದಡ್ಡರಾದ್ರು ಅಂತ ಬರೀತೀರೇನು? ಪರೀಕ್ಷಕರು ನಗ್ತಾರ. ಎರಡನೇ ಗುಂಪಿನಾಗ ಭಾಳ ಕೆಳಗದಾರಲ್ಲ, ಆ ಏಳೆಂಟು ಮಂದೀನ ಗೈರುಹಾಜರು ಅಂತ ತೋರಸ್ರಿ. ಸರಾಸರಿ ತಾನ ಏರತೈತಿ."

"ಅವರು ಹಾಜರಿದ್ರಲ್ರೀ, ಸರ?"

"ಶುಕ್ರವಾರ ನೀವು ಹಾಜರಿರಬೇಕಲ್ಲ, ಅದನ್ನ ವಿಚಾರ ಮಾಡ್ರಿ."

ಹೊರಗೆ ಐಹೊಳೆಯ ಫರಹಾನಾ ಕಾಯುತ್ತಿದ್ದಳು. ಆ ಏಳೆಂಟು ಮಂದಿಯಲ್ಲಿ ಅವಳೂ ಒಬ್ಬಳು.

"ಮೇಡಂ, ನನ್ನ ಕೈನ ಸರಿ ಇಲ್ರಿ. ಮೂರು ಸಲ ಮಾಡೀನಿ, ಮೂರು ಸಲಾನೂ ಹತ್ತರ ಮ್ಯಾಲನ ಬರತೈತ್ರಿ."

ಪಕ್ಕದಲ್ಲಿದ್ದ ಗೆಳತಿ ಚೇತನಾ ಕಿಸಕ್ಕನೆ ನಕ್ಕಳು. "ಇಕಿ ಊರಾಗ ಭೂಮಿ ಭಾಳ ಜಗ್ಗತೈತ್ರಿ ಮೇಡಂ. ಅದಕ್ಕ ಇಕಿ ದಿನಾ ಬಸ್ಸು ತಪ್ಪಸ್ಕೊಳ್ಳೂದು!"

ಫರಹಾನಾ ನಗಲಿಲ್ಲ. ತನ್ನಂಥವಳು ಮಕ್ಕಳಿಗೆ ವಿಜ್ಞಾನ ಹೇಗೆ ಕಲಿಸಿಯಾಳು ಎಂಬ ಭಯ ಅವಳ ಮುಖದ ಮೇಲೆಯೇ ಇತ್ತು.

ಇಳಕಲ್ಲಿನ ಬಸ್ಸಿನಲ್ಲಿ ಮಹಾನಂದಾ ಎರಡನೆಯ ಗುಂಪಿನ ಇಪ್ಪತ್ನಾಲ್ಕು ವಹಿಗಳನ್ನೂ ತೊಡೆಯ ಮೇಲಿಟ್ಟುಕೊಂಡು ಬಿಡಿಸಿದಳು. 10.02, 10.07, 10.05; ಎಲ್ಲರದೂ 9.8ಕ್ಕಿಂತ ಮೇಲೆಯೇ. ಹುನಗುಂದ ದಾಟುವಷ್ಟರಲ್ಲಿ ಅವಳ ಬೆರಳು ಒಂದು ಪುಟದ ಮೇಲೆ ನಿಂತುಬಿಟ್ಟಿತು. ಕೈತಪ್ಪಾಗಿದ್ದರೆ ಕೆಲವರದು ಹೆಚ್ಚು, ಕೆಲವರದು ಕಡಿಮೆ ಬರಬೇಕಿತ್ತು. ಇಪ್ಪತ್ನಾಲ್ಕು ಜನರ ಕೈ ಒಂದೇ ಕಡೆಗೆ ತಪ್ಪುವುದುಂಟೆ?

ಭಾನುವಾರವಿಡೀ ಅವಳು ಒಂದೆಡೆ ಕೂರಲಿಲ್ಲ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ.

"ಒಂದು ಕಡಿ ಕುಂದ್ರವಾ," ಎಂದಳು ಮಗ್ಗದ ಮುಂದಿದ್ದ ತಾಯಿ ಸಾವಿತ್ರೆವ್ವ. "ನನ್ನ ಲಾಳಿಗಿಂತ ಹೆಚ್ಚು ನೀನ ಓಡ್ಯಾಡಾಕತ್ತಿ. ಅದು ಓಡಿದ್ರ ಸೀರಿಯರ ಆಗತೈತಿ."

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವಳು ಪ್ರಯೋಗಾಲಯದ ಬಾಗಿಲಲ್ಲಿದ್ದಳು. ಲೋಲಕದ ಮೇಜಿಗಿದ್ದದ್ದು ಒಂದೇ ಒಂದು ಮರದ ಮೀಟರ್ ಪಟ್ಟಿ. ಮೊದಲ ಹತ್ತು ಸೆಂಟಿಮೀಟರಿನ ಅಂಕಿಗಳು ಕೈತಾಗಿ ಸವೆದು ಅಳಿಸಿಹೋಗಿದ್ದವು. ಬೇರೆ ಮೇಜಿನ ಪಟ್ಟಿಯೊಂದನ್ನು ತಂದು ಅದರ ಪಕ್ಕಕ್ಕಿಟ್ಟಳು. ಎರಡು ಸೆಂಟಿಮೀಟರು ಕಡಿಮೆ.

ಸಹಾಯಕ ಫಕ್ರುಸಾಬ ಇಣುಕಿ ನೋಡಿದ. "ಅದರ ಸೊನ್ನಿ ಕಡೀ ತುದಿ ಸೀಳಿತ್ರಿ. ಹುಡಿಗ್ಯಾರ ಬೆರಳಿಗೆ ಚುಚ್ಚತೈತಿ ಅಂತ ನಾನ ಗರಗಸ ಹಚ್ಚಿ ಕೊಯ್ದು, ಉಜ್ಜಿ ನುಣ್ಣಗ ಮಾಡೀನಿ. ಹಳೇ ಮಾತದು. ಎರಡು ಸಾವಿರದ ಹದಿಮೂರು."

"ಯಾರಿಗೂ ಹೇಳ್ಲಿಲ್ಲೇನು, ಫಕ್ರುಸಾಬ?"

"ಯಾರೂ ಕೇಳಿಲ್ಲಲ್ರೀ ಮೇಡಂ. ಎಲ್ಲಾರ ಉತ್ತರ ಸರೀನ ಬರತಿತ್ತಲ್ಲ!"

ಮಹಾನಂದಾ ಲೆಕ್ಕ ಹಾಕಿದಳು. ತುದಿಯಿಂದ ಅಳೆದರೆ ತೊಂಬತ್ತೆಂಟು ಸೆಂಟಿಮೀಟರಿನ ದಾರವನ್ನು ಈ ಪಟ್ಟಿ ನೂರೆಂದು ತೋರಿಸುತ್ತದೆ. ಉತ್ತರ ಹತ್ತರ ಆಸುಪಾಸಿಗೆ ಬಾರದೆ ವಿಧಿಯಿಲ್ಲ. ಫರಹಾನಾಳ ಕೈ ಸರಿಯಾಗಿಯೇ ಇತ್ತು. ಹಾಗಾದರೆ ಈ ಮೇಜಿನ ಮೇಲೆ ಹನ್ನೆರಡು ವರ್ಷಗಳಿಂದ 9.8 ಬರೆದವರಲ್ಲಿ ಪ್ರಾಮಾಣಿಕವಾಗಿ ಅಳೆದವರು ಒಬ್ಬರೂ ಇಲ್ಲ. ಪ್ರತಿ ವರ್ಷ ನೂರು ಜನ, ಪ್ರತಿಯೊಂದಕ್ಕೂ ಸಹಿ, ಪ್ರತಿಯೊಂದಕ್ಕೂ ಅಂಕ! ಅವರೆಲ್ಲ ಈಗ ಶಾಲೆಗಳಲ್ಲಿ ನಿಂತು 'ಗಮನವಿಟ್ಟು ನೋಡಿ, ನೋಡಿದ್ದನ್ನೇ ಬರೆಯಿರಿ' ಎಂದು ಮಕ್ಕಳಿಗೆ ಹೇಳುತ್ತಿದ್ದಾರೆ. ಇದಕ್ಕೆ ತರಬೇತಿ ಎಂದು ಹೆಸರು.

ಬೀರು ತೆರೆದು, ಇಷ್ಟು ದಿನ ತಾನು ಬಿಡಿಸಿಯೂ ನೋಡದಿದ್ದ ಮಾದರಿ ಜರ್ನಲ್ ಹೊರತೆಗೆದಳು. ರಟ್ಟಿನ ಒಳಗಿದ್ದ ಹೆಸರನ್ನು ಅವಳು ಓದಬೇಕಾಗಿರಲಿಲ್ಲ. ದುಂಡನೆಯ ಅಕ್ಷರ ನೋಡುತ್ತಲೇ ಗುರುತು ಹತ್ತಿತು. ಅದು ಅವಳದೇ, 2014ನೆಯ ಇಸವಿಯದು. ಅಂದು ಅವಳಿಗೂ ಹತ್ತರ ಮೇಲೆ ಬಂದಿತ್ತು. ಹೆದರಿ, 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ ತೂಗಾಟದ ಕಾಲಗಳನ್ನು ಹುಟ್ಟಿಸಿ ತುಂಬಿದ್ದಳು. ನಂಬಿಕೆ ಬರಲೆಂದು ಒಂದೆರಡನ್ನು ಬೇಕೆಂದೇ ತುಸು ಆಚೀಚೆ ಮಾಡಿದ್ದಳು. ಕೆಳಗೆ ಕೆಂಪು ಮಸಿಯಲ್ಲಿ 'ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದ್ದವರು ಅಂದಿನ ಉಪನ್ಯಾಸಕ ವಿಜಯಮಹಾಂತೇಶ.

ಅವಳು ಪಟ್ಟಿಯನ್ನೂ ಜರ್ನಲನ್ನೂ ಅವರ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಪ್ರೊಫೆಸರರು ಪಟ್ಟಿಯ ನುಣುಪಾದ ತುದಿಯ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

"ಪಟ್ಟೀದಷ್ಟ ಬರೀರಿ. ಜರ್ನಲ್ ಮಾತು ಯಾಕ ತರ್ತೀರಿ? ಯಾರೂ ಕೇಳಂಗಿಲ್ಲ."

"ಹನ್ನೆರಡು ವರ್ಷ ಯಾರೂ ಕೇಳಿಲ್ಲ ಅಂತನ ಹಿಂಗಾತ್ರಿ, ಸರ. ಪರೀಕ್ಷಾ ಮತ್ತ ಮಾಡಬೇಕು. ನಲವತ್ತೆಂಟೂ ಮಂದಿಗೆ, ಸರಿ ಪಟ್ಟಿ ಕೊಟ್ಟು."

"ಮುದ್ದತ್ತು ಸಿಗತೈತಿ ಅಂತ ಏನು ಖಾತ್ರಿ? ನಿಮ್ಮ ಬಿ.ಎಡ್. ಅಂಕದ ಮ್ಯಾಲೂ ಪ್ರಶ್ನಾ ಏಳತಾವ. ನನ್ನ ಸಹಿನೂ ಐತಿ ಅದರಾಗ, ಗೊತ್ತದ ಇಲ್ಲೋ?"

"ಗೊತ್ತದರೀ."

ಅವಧಿ ವಿಸ್ತರಣೆಯ ಅರ್ಜಿಯಲ್ಲಿ 'ಕಾರಣ' ಎಂಬಲ್ಲಿ ಎರಡು ಸಾಲಿನ ಜಾಗವಿತ್ತು, ಕೆಳಗೆ ಮಾರ್ಗದರ್ಶಕರ ಸಹಿಗೆ ಒಂದು ಗೆರೆ. ಮಹಾನಂದಾ ನಿಂತುಕೊಂಡೇ ಬರೆದಳು: 'ಅಳತೆಪಟ್ಟಿ ಎರಡು ಸೆಂ.ಮೀ. ಕಡಿಮೆ ಇದ್ದುದರಿಂದ ಮರುಪರೀಕ್ಷೆ ಅಗತ್ಯ. ವಿದ್ಯಾರ್ಥಿಗಳು ನಕಲು ಮಾಡಿದ 2014ರ ಮಾದರಿ ಜರ್ನಲ್ ನನ್ನದು. ಅದರ ಅಂಕಿಗಳು ಕಲ್ಪಿತ.'

ಪ್ರೊಫೆಸರರು ಅದನ್ನು ಎರಡು ಸಲ ಓದಿದರು. ಪೆನ್ನು ತೆಗೆದರು, ಮುಚ್ಚಿದರು. "ನಾಳೆ ಬರ್ರಿ, ನೋಡೋಣು," ಎಂದರು.

ಅವಳು ಕದಲಲಿಲ್ಲ. "ನಿಲ್ತೇನ್ರಿ ಸರ. ಹನ್ನೊಂದಕ್ಕ ಹುಡುಗರಿಗೆ ಬರಾಕ ಹೇಳೇನಿ. ಫರಹಾನಾ ಆಗಲೇ ಬಂದು ದಾರ ಕಟ್ಟಾಕತ್ತಾಳ."