ಹಲ್ಲು ಕಟ್ಟುವ ಸುಂಕಣ್ಣ

ಕುರುಗೋಡಿನ ಅಕ್ಕಸಾಲಿ ಸುಂಕಣ್ಣನ ಹೆಂಡತಿ, ಮಗಳು ಇಬ್ಬರೂ ಒಂದೇ ವಾರದಲ್ಲಿ ವಾಂತಿಭೇದಿಗೆ ಹೋದರು. ಊರವರೆಲ್ಲ ಅತ್ತರು, ಅವನ ಕಣ್ಣಲ್ಲಿ ಹನಿ ಬರಲಿಲ್ಲ. ಅಂದಿನಿಂದ ಅವನಿಗೆ ಉಪ್ಪು, ಖಾರ, ಸಪ್ಪೆ ಎಲ್ಲ ಒಂದೇ. ಮನೆಗೆ ಬೀಗ ಜಡಿದು ಬಳ್ಳಾರಿಗೆ ನಡೆದ. ದಂಡಿನ ಪೇಟೆಯಲ್ಲಿ ಹಲ್ಲಿನ ವೈದ್ಯನಾದ ಬಿಳಿ ದೊರೆಯೊಬ್ಬ ಕಟ್ಟುಹಲ್ಲು ಮಾಡಲು ಕೈ ಸೂಕ್ಷ್ಮವಿದ್ದವರನ್ನು ಹುಡುಕುತ್ತಿದ್ದ. ಮಂದಿಯ ಬಾಯೊಳಗಿಂದ ತೆಗೆದ ಮೇಣದ ಅಚ್ಚು ಮುಟ್ಟುವ ಕೆಲಸ. ಎಂಜಲೆಂದು ಯಾರೂ ಹತ್ತಿರ ಸುಳಿದಿರಲಿಲ್ಲ. ಸುಂಕಣ್ಣ ಹೂಂ ಅಂದ. ಹೇಸಿಕೊಳ್ಳುವುದಕ್ಕೂ ಮನಸ್ಸಿನಲ್ಲಿ ಒಂದಿಷ್ಟು ಜೀವ ಬೇಕು.

ಹನ್ನೆರಡು ವರ್ಷ ಹಲ್ಲು ಕಟ್ಟಿದ. ದೊರೆಯ ಹಿತ್ತಲ ಖೋಲಿಯಲ್ಲೇ ಕೆಲಸ, ಅಲ್ಲೇ ಮಲಗುವುದು. ಆಮೇಲೆ ಕಣ್ಣಿಗೆ ಪೊರೆ ಬಂತು.

"ಸುಂಕಣ್ಣ, ಯುಗಾದಿ ಒಳಗೆ ನಿನ್ನಂಥವನೊಬ್ಬನ್ನ ತಯಾರು ಮಾಡು," ಅಂದ ದೊರೆ. "ಇಲ್ಲಾಂದ್ರೆ ಕೆಲಸ ಮದ್ರಾಸಿಗೆ ಹೋಗುತ್ತೆ. ಖೋಲಿಗೆ ಬೀಗ."

ಬೀಗ ಬಿದ್ದರೆ ಕುರುಗೋಡಿನ ಆ ಮನೆಗೆ ಹೋಗಿ ಮಲಗಬೇಕು. ಅದೊಂದು ಮಾತ್ರ ಅವನಿಂದ ಆಗದು.

ಮೊದಲು ಕುರುಗೋಡಿಗೇ ಹೋಗಿ ಮಗನನ್ನು ಕೆಲಸಕ್ಕೆ ಕಳಿಸೆಂದು ಅಕ್ಕ ಗಂಗಕ್ಕನನ್ನು ಕೇಳಿದ.

"ಲೇ ಸುಂಕ, ಮಂದಿ ಎಂಜಲ ಕೆರಿಯಾಕ ನನ್ನ ಮಗನ್ನ ಕಳಸ್ಲೇನು? ಅದಕಿಂತ ಕತ್ತೆ ಕಾಯ್ಲಿ ಬಿಡು!"

ಸುಂಕಣ್ಣ ನೀರು ಕುಡಿದು ಎದ್ದ. ತನ್ನ ಮನೆಯ ಓಣಿಗೆ ತಿರುಗದೆ ಸಿರುಗುಪ್ಪದ ಗಾಡಿ ಹತ್ತಿದ. ಅಲ್ಲಿ ದೂರದ ಸಂಬಂಧಿ ಮೋನಪ್ಪ ಇದ್ದ. ಮೂಗುತಿ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂಜಲಿನ ಮಾತು ಬಂದದ್ದೇ ಅವನೂ ಮುಖ ತಿರುವಿದ. ಒಳಗಿಂದ ಹೆಂಡತಿ ಪಾರಮ್ಮ ಬಂದಳು.

"ಹದಿನಾರು ವರ್ಷ ನಿಮ್ಮ ಎಂಜಲ ಗಂಗಾಳದಾಗ ಉಂಡೀನಿ. ನಾ ಏನು ಸತ್ತೀನೇನು? ಸುಮ್ಮನ ಹೋಗ್ರಿ."

ಮೋನಪ್ಪ ಬಂದ. ಮೇಣದ ಅಚ್ಚಿಗೆ ಬಿಳಿ ಗಾರೆ ಸುರಿದು ಒಸಡಿನ ಪಡಿಯಚ್ಚು ತೆಗೆಯುವುದು, ಅದರ ಮೇಲೆ ಪಿಂಗಾಣಿ ಹಲ್ಲು ಜೋಡಿಸುವುದು, ರಬ್ಬರು ತುಂಬಿ ತಾಮ್ರದ ಪಾತ್ರೆಯ ಹಬೆಯಲ್ಲಿ ಬೇಯಿಸುವುದು, ಎಲ್ಲವನ್ನೂ ತಿಂಗಳೆರಡರಲ್ಲಿ ಕಲಿತ. ಅವನ ಮೊದಲ ಹಲ್ಲಿನ ಕಟ್ಟು ಪಿಂಚಣಿಯ ಶಿರಸ್ತೇದಾರ ವಿಠ್ಠಲರಾಯರಿಗೆ. ಒಳಗೆ ಹೊರಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ರಾಯರು ಬಾಯಿಗಿಟ್ಟುಕೊಂಡು ನಾಲ್ಕು ಮಾತಾಡುವಷ್ಟರಲ್ಲಿ ಮಡಿಲಿಗೆ ಬಿತ್ತು.

"ಏನಪಾ ಇದು, ಹಲ್ಲೋ, ಪಗಡಿ ಕಾಯೋ?" ಅಂದರು ರಾಯರು.

ದೊರೆಯ ಮುಖ ಕೆಂಪಾಯಿತು. "ಇದು ಯಾರ ತಪ್ಪು?"

ಸುಂಕಣ್ಣ ಕಟ್ಟಿನ ಒಳಮೈ ಸವರಿದ. ಬೆರಳು ಜಾರಿತು. ಒಸಡಿಗೆ ಕೂರುವ ಮೈಯನ್ನು ತಿಕ್ಕಬಾರದೆಂದು ಮೋನಪ್ಪನಿಗೆ ಎರಡನೆಯ ದಿನವೇ ಹೇಳಿದ್ದ.

"ನಾ ಹೇಳಿರಲಿಲ್ಲ ದೊರೆ. ತಪ್ಪು ನಂದು," ಅಂದ.

"ಇನ್ನೊಂದು ಸಲ ನೋಡ್ತೀನಿ. ಆಮೇಲೆ ಬೀಗ."

ಖೋಲಿಗೆ ಬಂದ ಮೇಲೆ ಮೋನಪ್ಪ ತಲೆ ತಗ್ಗಿಸಿದ. "ಮೈಗೆ ತಾಗೋದು ನಯ ಇರಬೇಕು ಅಂತ ನಮ್ಮಪ್ಪ ಬಡದು ಬಡದು ಕಲಿಸ್ಯಾನ ಮಾವ. ಒರಟ ಬಿಡಾಕ ಕೈ ಒಲ್ಲೆ ಅಂತೈತಿ."

"ನಿಮ್ಮಪ್ಪ ಮೂಗುತಿ ಮಾಡ್ತಿದ್ದ. ಇದು ಒಸಡಿನ ಗುರುತು. ಗುರುತು ಇದ್ದಂಗ ಇದ್ದರ ಒಸಡು ಹಿಡಕೊಂತೈತಿ. ನೀ ಅದನ್ನ ಅಳಿಸಿಬಿಟ್ಟಿ."

ಎರಡನೆಯ ಕಟ್ಟು ಬೆಂದು ಬಂತು. ಸುಂಕಣ್ಣ ಅದರ ಒಳಮೈಗೆ ತನ್ನ ಹೆಬ್ಬೆರಳು ಒತ್ತಿ ಹಿಡಿದು ಕೂತ. ಹೊರಮೈಯನ್ನಷ್ಟೇ ಮೋನಪ್ಪನಿಗೆ ಒಡ್ಡಿದ. ಅಭ್ಯಾಸಬಲದಿಂದ ಅವನ ತಿಕ್ಕುವ ಅರ ಎರಡು ಸಲ ಒಳಕ್ಕೆ ಹೋಯಿತು. ಉಗುರು ಕಿತ್ತು ರಕ್ತ ಬಂತು.

"ಅಯ್ಯೋ ಮಾವ, ಕೈ ತಗೀರಿ!"

"ನೀ ತಿಕ್ಕು."

ನೋವಾಯಿತೋ ಇಲ್ಲವೋ, ಸುಂಕಣ್ಣನಿಗೂ ಗೊತ್ತಾಗಲಿಲ್ಲ. ಮೂರನೆಯ ಸಲ ಅರ ಅಂಚಿಗೇ ನಿಂತಿತು.

ಆ ಕಟ್ಟು ಹಾಕಿಕೊಂಡು ಹೋದ ರಾಯರು ನಾಲ್ಕು ದಿನ ಬಿಟ್ಟು ಬಂದರು. "ಹೋಳಿಗಿ ತಿಂದೆ, ಚಕ್ಕುಲಿನೂ ತಿಂದೆ. ಜಪ್ಪಯ್ಯ ಅನ್ಲಿಲ್ಲ!" ದೊರೆ ಮೋನಪ್ಪನ ಬೆನ್ನು ತಟ್ಟಿ, ನಾಳೆಯಿಂದ ಕಿಟಕಿಯ ಬೆಳಕಿನಲ್ಲಿ ಕೂರು ಅಂದ. ಅದು ಸುಂಕಣ್ಣ ಕೂರುತ್ತಿದ್ದ ಜಾಗ.

"ನೀವೆಲ್ಲಿ ಕುಂದರ್ತೀರಿ ಮಾವ?"

"ಗ್ವಾಡಿ ಕಡಿ. ಗಾರಿ ಕಲಸಾಕ ಕಣ್ಣು ಯಾಕ ಬೇಕು?"

ಸುಂಕಣ್ಣ ತನ್ನ ಮಣೆ ಎತ್ತಿ ಗೋಡೆಯ ಕಡೆ ಇಟ್ಟ. ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ರಾತ್ರಿಗೆ ಹಾಸಲು ಚಾಪೆ ಹಿಡಿಯುವಷ್ಟು ಜಾಗ ಉಳಿದಿದೆಯೇ ಎಂದು ಕಾಲಿನಿಂದ ಅಳೆದ. ಉಳಿದಿತ್ತು.