ಕೆರೆಯಲ್ಲಿ ಸಿಕ್ಕ ಸಮುದ್ರದ ಮೀನು

ನಮ್ಮಕ್ಕನ ಕಾರ್ಯಕ್ರಮದಲ್ಲಿ ಎಷ್ಟೋ ಸಲ ಮೀನೇ ಸಿಗಲ್ಲ. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅಂತಾನೇ ಇಂಟರ್‌ನೆಟ್ಟಿಗೆ ಹಾಕ್ತಾಳೆ. ಕೆರೆ ದಂಡೆ ಮೇಲೆ ಗಾಳ ಹಿಡ್ಕೊಂಡು ಕೂರ್ತಾಳೆ, ಎರೆಹುಳು ಇದ್ದ ಹಾಗೇ ಯಾಕಿದೆ, ಗಾಳಿ ಯಾವ ಕಡೆ ತಿರುಗಿದೆ ಅಂತ ಹೇಳ್ತಾಳೆ, ಎದ್ದು ಬರ್ತಾಳೆ. ಇದನ್ನ ಯಾರು ನೋಡ್ತಾರೆ ಅಂತೀರಾ? ನೋಡ್ತಾರೆ ಕಣ್ರೀ. ಸ್ವಲ್ಪ ಜನಾನೇ, ಆದ್ರೆ ಒಂದು ವಾರ ತಡವಾದ್ರೆ ಜಗಳಕ್ಕೆ ಬರೋ ಅಂಥವರು.

ಅಕ್ಕ ಟೈಲರ್. ವಾರವೆಲ್ಲ ಅಂಗಿ, ಪ್ಯಾಂಟು. ಭಾನುವಾರ ಕೆರೆ, ಗುಡ್ಡ, ಕಾಡಂಚು. ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಸ್ಟುಡಿಯೋ. ಬಟ್ಟೆ ಥಾನುಗಳ ಮಧ್ಯೆ ಸ್ಟೂಲ್ ಹಾಕ್ಕೊಂಡು ಮಾತಾಡಿದ್ರೆ ಬೀದಿ ಗದ್ದಲ ಮೈಕಿಗೆ ಬೀಳಲ್ಲ. ಎಡಿಟಿಂಗ್ ತಂಗಿಯಾದ ನಂದು, ಕ್ಯಾಮೆರಾ ಭಾವಂದು. ಭಾವ ಮದುವೆ ವಿಡಿಯೋ ತೆಗೆಯೋರು. ಉಂಗುರ ತೊಡಿಸಿದ್ದು ಸರಿಯಾಗಿ ಬರಲಿಲ್ಲ ಅಂದ್ರೆ ಬಿಚ್ಚಿಸಿ ಇನ್ನೊಂದ್ಸಲ ತೊಡಿಸೋರು, ಅಳು ಬರದ ತಾಯಂದಿರನ್ನ ಪುಸಲಾಯಿಸಿ ಅಳಿಸೋರು. ಅಕ್ಕ ಮೊಲದ ಹೆಜ್ಜೆ ತೋರಿಸ್ತಿದ್ರೆ ಹಿಂದಿನಿಂದ ಸ್ವಲ್ಪ ನಗು ಅನ್ನೋರು. ಮೊಲದ ಹೆಜ್ಜೆ ನೋಡಿ ನಗೋಕೆ ನನಗೇನು ಹುಚ್ಚಾ ಅಂತ ಅಕ್ಕ ಬೈಯೋಳು.

ಗಾಳ, ದಾರ ಮಾರೋ ಒಂದು ಕಂಪನಿ ನಮ್ಮ ಕಾರ್ಯಕ್ರಮವನ್ನ ತಮ್ಮ ದೊಡ್ಡ ಚಾನೆಲ್ಲಿನಲ್ಲಿ ಹಾಕ್ತೀವಿ ಅಂತು. ಷರತ್ತು ಒಂದೇ: ಪ್ರತಿ ವಾರ ಒಂದು ದೊಡ್ಡ ಮೀನು ಬೀಳಲೇಬೇಕು. ಮೀನು ನನ್ನ ಮಾತು ಕೇಳಲ್ಲವಲ್ಲ ಅಂದ್ಲು ಅಕ್ಕ. ಆದ್ರೂ ಆಸೆ ಇತ್ತು ಅವಳಿಗೆ. ಯಾಕಿರಬಾರದು? ಬಿಸಿಲಲ್ಲಿ ಒಣಗಿ ಮಾಡಿದ್ದನ್ನ ನಾಲ್ಕು ಜನ ಜಾಸ್ತಿ ನೋಡಲಿ ಅನ್ನೋದು ತಪ್ಪಾ? ಹಾಗಾಗಿ ಕಂಪನಿ ಮ್ಯಾನೇಜರು ಶೂಟಿಂಗ್ ನೋಡೋಕೆ ಬರ್ತೀನಿ ಅಂದಾಗ ಬನ್ನಿ ಅಂದ್ಲು.

ಆ ಭಾನುವಾರ ಮಧ್ಯಾಹ್ನವಾದ್ರೂ ಏನೂ ಬೀಳಲಿಲ್ಲ. ಮ್ಯಾನೇಜರು ಮುಖ ಸಿಂಡರಿಸಿಕೊಂಡು ಕೂತಿದ್ರು. ಅಕ್ಕ ಗಾಳದ ಕೋಲನ್ನ ದಂಡೆಯಲ್ಲಿ ನೆಟ್ಟು, ಅವರನ್ನೂ ನನ್ನನ್ನೂ ಮರದಡಿಗೆ ಊಟಕ್ಕೆ ಕರ್ಕೊಂಡು ಹೋದ್ಲು. ಆ ಹೊತ್ತಲ್ಲೇ ನಮ್ಮ ಭಾವ, ಪುಣ್ಯಾತ್ಮ, ಮಾರ್ಕೆಟ್ಟಿಂದ ತಂದು ಬ್ಯಾಗಲ್ಲಿ ಬಚ್ಚಿಟ್ಟಿದ್ದ ಮೀನನ್ನ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ರು. ಹೆಂಡ್ತಿಗೆ ಒಳ್ಳೇದಾಗಲಿ ಅಂತ. ಮೀನುಗಳಲ್ಲಿ ಜಾತಿ ಅಂತ ಇರುತ್ತೆ ಅನ್ನೋದು ಅವರ ತಲೆಗೇ ಹೋಗಿರಲಿಲ್ಲ. ದೊಡ್ಡದು ಕೊಡಿ ಅಂದಿದ್ರು, ಮಾರೋಳು ಕೊಟ್ಟಿದ್ಲು.

ಅಕ್ಕ ವಾಪಸ್ ಬಂದು ಕೋಲು ಎತ್ತಿದ್ಲು. ಭಾರ ಇತ್ತು, ಒದ್ದಾಟ ಇರಲಿಲ್ಲ. ಮೀನು ಮೇಲೆ ಬಂತು. ಮ್ಯಾನೇಜರು ಚಪ್ಪಾಳೆ ಹೊಡೆದ್ರು. ಅಕ್ಕ ಒಂದು ಸಲ ಮೀನು ನೋಡಿದ್ಲು, ಒಂದು ಸಲ ಭಾವನ್ನ ನೋಡಿದ್ಲು. ಆಮೇಲೆ ಮೀನನ್ನ ಕ್ಯಾಮೆರಾಕ್ಕೆ ಹಿಡಿದು ಹೇಳಿದ್ಲು: "ಇದು ಸಮುದ್ರದ ಮೀನು. ಸತ್ತು ಎರಡು ದಿನವಾದ್ರೂ ಆಗಿದೆ. ನಮ್ಮ ಕೆರೆಗೆ ನಡ್ಕೊಂಡು ಬಂದಿದ್ದಲ್ಲ, ನನ್ನ ಗಂಡ ತಂದು ಸಿಕ್ಕಿಸಿದ್ದು. ಇವತ್ತು ನನಗೆ ಏನೂ ಸಿಕ್ಕಿಲ್ಲ."

ಭಾವನ ಮುಖ ಕಪ್ಪಿಟ್ಟಿತು. ಕ್ಯಾಮೆರಾ ಮಾತ್ರ ನಿಲ್ಲಿಸಲಿಲ್ಲ.

ಮ್ಯಾನೇಜರು ನಮ್ಮ ಜೊತೆ ಅಂಗಡಿವರೆಗೂ ಬಂದ್ರು. ಕೋಪ ಏನಿಲ್ಲ, ಬೆಣ್ಣೆ ಥರ ಮಾತು. ಮೀನು ಮೇಲೆ ಬರೋವರೆಗೂ ಇಟ್ಕೊಂಡು, ಅಕ್ಕ ಬಾಯಿ ತೆಗೆಯೋ ಮುಂಚೆ ಕತ್ತರಿಸಿಬಿಡಿ, ಒಪ್ಪಂದ ಹಾಗೇ ಇರುತ್ತೆ ಅಂದ್ರು. ಎಣ್ಣೆ ಬಂದಾಗ ಕಣ್ಣು ಮುಚ್ಕೋಬೇಡಿ ಅಂತ ಬುದ್ಧಿ ಬೇರೆ. ನನಗೆ ಮೈಯೆಲ್ಲ ಉರೀತು. ಆದ್ರೂ ಕಂಪ್ಯೂಟರ್ ಮುಂದೆ ಕಾದು ಕೂತಿದ್ದೆ, ಅಕ್ಕ ಏನಂತಾಳೋ ಅಂತ.

ಅಕ್ಕ ಭಾವನ ಕಡೆ ತಿರುಗಿದ್ಲು. "ನಾನಂತೂ ಕತ್ತರಿಸಲ್ಲ. ಪೂರ್ತಿ ಹಾಕಿದ್ರೆ ಹೋಗೋದು ನಿಮ್ಮ ಮಾನ. ಮದುವೆಗೆ ಕರೆಯೋರೆಲ್ಲ ಆಡ್ಕೊಂಡು ನಗ್ತಾರೆ. ಬೇಡ ಅಂದ್ರೆ ಇಡೀ ವಿಡಿಯೋನೇ ಅಳಿಸಿಬಿಡೋಣ. ಹೇಳ್ರೀ."

ಭಾವ ನನಗೆ ಸ್ವಲ್ಪ ಸರಿ ಅಂದು, ಮೌಸ್ ತಗೊಂಡು, ಒಂದು ಚೂರೂ ಕತ್ತರಿಸದೆ ವಿಡಿಯೋನ ಅಪ್‌ಲೋಡ್‌ಗೆ ಹಾಕಿದ್ರು.

"ನಗೋರು ನಗಲಿ ಬಿಡಿ ಸಾರ್," ಅಂದ್ರು ಮ್ಯಾನೇಜರಿಗೆ. "ಇದು ನನ್ನ ಹೆಂಡ್ತಿ ಕಾರ್ಯಕ್ರಮ. ನಿಮ್ಮದಲ್ಲ. ನಂದೂ ಅಲ್ಲ."