ಹತ್ತಿದಲ್ಲೇ ಇಳಿಯುವ ದೋಣಿ

ಅವ್ವನಿಗೆ ದೋಣಿಯ ಹುಚ್ಚು ಹಿಡಿಸಿದವಳು ಒಬ್ಬ ದೊರೆಸಾನಿ. ಬೆಳಗಾವಿಯ ಕೋಟೆಯ ಬಳಿಯ ಕೆರೆಯಲ್ಲಿ ಆಕೆ ಕೊಡೆ ಬಿಚ್ಚಿಕೊಂಡು ದೋಣಿಯಲ್ಲಿ ಕೂತದ್ದನ್ನು ಅವ್ವ ಒಮ್ಮೆ ದಂಡೆಯಿಂದ ನೋಡಿದ್ದಳು. ಬ್ರಿಟಿಷರ ಕಾಲ, ಇಪ್ಪತ್ತರ ದಶಕದ ಮಾತು. ಜೊತೆಗೆ ನಾನೂ ಇದ್ದೆ.

"ಆಕಿ ಎಲ್ಲಿಗೆ ಹೊಂಟಾಳೋ?"

"ಎಲ್ಲಿಗೂ ಇಲ್ಲವ್ವಾ. ಸುಮ್ಮನ ತಿರಗ್ಯಾಡಾಕ ಹತ್ಯಾಳ."

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಕೆಲವು ವರ್ಷಗಳ ಮೇಲೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಶನ್ ಎಂದು ಕಣ್ಣಿಗೆ ಕತ್ತಿ ಹಚ್ಚಿಸಿಕೊಳ್ಳಲು ಅವಳು ಸುತರಾಂ ಒಪ್ಪಲಿಲ್ಲ. ಇನ್ನು ಕೆಲವೇ ತಿಂಗಳು ಕಂಡೀತು ಎಂದು ಡಾಕ್ಟರರು ಕೈಚೆಲ್ಲಿದರು. ಆಗ ಒಂದು ದಿನ ಅಕ್ಕಿ ಆರಿಸುತ್ತ ಅವ್ವ ಅಂದಳು: "ಕಣ್ಣು ಹೋಗೂದರಾಗ ಆ ದೊರೆಸಾನಿ ಹಂಗ ಒಮ್ಮಿ ನೀರಿನ ನಡುವ ಕುಂತು ನೋಡಬೇಕೋ."

ಅವಳು ನನ್ನಿಂದ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ. ನಾನೋ, ಹುಟ್ಟಿದಂದಿನಿಂದ ದೋಣಿ ಹತ್ತದವನು. ಅನಗೋಳದ ಮನೆಯಿಂದ ಸಾಲಿಗೆ ನಡೆದುಹೋಗಿ ಹುಡುಗರಿಗೆ ಭೂಗೋಳ ಕಲಿಸುತ್ತಿದ್ದೆ. ಹಲಗೆಯ ಮೇಲೆ ಎಷ್ಟು ಬೇಕಾದರೂ ಹೊಳೆ ಬರೆಯಬಲ್ಲೆ. ಆದರೆ ಮುದುಕಿಯೊಬ್ಬಳನ್ನು ಮೊದಲ ಸಲ ಕೂಡಿಸಲು ಶಾಂತವಾದ, ಚೆಂದವಾದ ನೀರು ಯಾವುದು? ಕೇಳಿದಷ್ಟೂ ಗೊಂದಲ ಹೆಚ್ಚಾಯಿತು. ಕೋಟೆಯ ಕೆರೆಯ ದೋಣಿ ದೊರೆಗಳದು, ನಮ್ಮಂಥವರನ್ನು ಹತ್ತಿಸುತ್ತಿರಲಿಲ್ಲ. ಮಚ್ಛೆಯ ಕಡೆ ಕೆರೆ ಇತ್ತು, ದೋಣಿ ಇರಲಿಲ್ಲ, ಎಮ್ಮೆಗಳಿದ್ದವು. ನಮ್ಮ ಹೆಡ್‌ಮಾಸ್ತರರು "ಹಲಸಿ ಗುಡಿ ತೋರಸ್ರಿ, ನೀರಿನ ಉಸಾಬರಿ ಯಾಕ ಬೇಕು" ಎಂದರು. ಅವರು ಹೇಳಿದ್ದೂ ಸರಿ ಅನ್ನಿಸಿತು, ಮರುಗಳಿಗೆ ಸಿಟ್ಟೂ ಬಂತು.

ಸಾಲದ್ದಕ್ಕೆ ಅವ್ವನ ನೇಮ. ನಮ್ಮದು ಜೈನರ ಮನೆ. ಮಳೆಗಾಲದಲ್ಲಿ ಹುಳುಹುಪ್ಪಡಿ ಹೆಚ್ಚು, ಓಡಾಡಿ ತುಳಿಯಬಾರದು ಎಂದು ಚಾತುರ್ಮಾಸದ ನಾಲ್ಕು ತಿಂಗಳು ಅವಳು ಹೊಳೆ ದಾಟುತ್ತಿರಲಿಲ್ಲ. ಬಸದಿಯಲ್ಲಿ ನಿಂತು ಹಿಡಿದ ನೇಮ, ಒಂದು ವರ್ಷವೂ ತಪ್ಪಿದ್ದಿಲ್ಲ. ಅದು ಮುಗಿಯಲು ದೀಪಾವಳಿ ಬರಬೇಕು. ಅಲ್ಲಿಯವರೆಗೆ ಕಣ್ಣು ಕಾದೀತೇ?

"ಹೊಳಿ ನಡುತನಕ ಹೋಗಿ ಇದ ದಂಡಿಗಿ ತಿರುಗಿ ಬಂದ್ರ ದಾಟಿಧಂಗ ಆಗೂದಿಲ್ಲವ್ವಾ" ಎಂದೆ.

ಅವ್ವ ಅಷ್ಟಕ್ಕೆ ಒಪ್ಪಿದಳು. "ಆಚಿ ದಂಡಿಗಿ ಕಾಲು ಹಚ್ಚಬಾರದು ನೋಡು."

ಕೊನೆಗೆ ಮಳೆ ಹಿಂದಾಗಿ ಹೊಳೆ ಇಳಿದ ಮೇಲೆ ಖಾನಾಪುರದ ಹೊರಗೆ, ಮಲಪ್ರಭೆಯ ಮಡುವಿನ ಒಂದು ದೋಣಿಗಟ್ಟೆ ಆರಿಸಿದೆ. ಒಂದು ರವಿವಾರ ನಾನೊಬ್ಬನೇ ಹೋಗಿ ನೀರಿಗೆ ಎಲೆ ಬಿಟ್ಟು ನೋಡಿದ್ದೆ. ಅದು ಬಿಟ್ಟಲ್ಲೇ ಕೂತಿತ್ತು. ಎರಡೂ ಬದಿ ಮರ ಬಾಗಿದ್ದವು, ಆಚೆ ಭತ್ತದ ಹಸಿರು. ಇದಕ್ಕಿಂತ ಶಾಂತ ಜಾಗ ಸಿಗದು ಎಂದುಕೊಂಡೆ.

ಮುಂದಿನ ರವಿವಾರ ರೈಲಿನಲ್ಲಿ ಖಾನಾಪುರಕ್ಕೆ, ಅಲ್ಲಿಂದ ಚಕ್ಕಡಿಯಲ್ಲಿ ದಂಡೆಗೆ ಬಂದೆವು. ಅಂಬಿಗ ಮರಾಠಿಯಲ್ಲಿ ಏನೋ ಕೇಳಿದ. ನಾನು ತಡವರಿಸಿದ್ದು ಕಂಡು ಕನ್ನಡಕ್ಕೆ ಬಂದ.

"ಎಲ್ಲಿಗೆ ಬಿಡಬೇಕ್ರಿ?"

"ಎಲ್ಲಿಗೂ ಬ್ಯಾಡಪ್ಪಾ. ನಡುವ ನಾಕ ಸುತ್ತು ತಿರುಗಿಸು. ನೋಡಾಕ ಬಂದೀವಿ."

"ಏನ್ ನೋಡಾಕ್ರಿ?"

"ಹೊಳಿ."

ಅವನು ಹೊಳೆಯನ್ನೊಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ. ನನಗೆ ನಾಚಿಕೆಯಾಗಿ, ಎಲ್ಲಿ ಇಳಿಸಬೇಕೆಂದು ಹೇಳುವುದನ್ನೇ ಮರೆತೆ.

ಮೊದಲು ಅವ್ವ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಬಿಟ್ಟಳು. ಬೆರಳುಗಳನ್ನು ನೀರಿಗೆ ಇಳಿಬಿಟ್ಟವಳು, ಜೀವಗಳಿದ್ದಾವು ಎಂದು ತಟ್ಟನೆ ಎಳೆದುಕೊಂಡಳು. "ಅತ್ತಾಗ ಏನೈತೋ? ಈ ಬಾಜು ಏನೈತಿ?" ಎಂದು ಕೇಳುತ್ತಲೇ ಇದ್ದಳು. ನಾನು ಬೆಳ್ಳಕ್ಕಿ, ಬಾಗಿದ ಮರ, ಗದ್ದೆ, ಒಂದೂ ಬಿಡದೆ ಬಣ್ಣಿಸಿದೆ. ಮುದುಕಿಗೆ ಎಷ್ಟು ಕುತೂಹಲ ಎಂದು ಹಿಗ್ಗಿದೆ. ದೋಣಿ ತಿರುಗಿ ತಿರುಗಿ ಈ ಭೂಗೋಳದ ಮಾಸ್ತರನಿಗೆ ಯಾವುದು ಈಚೆ, ಯಾವುದು ಆಚೆ ಎಂಬುದೇ ತಿಳಿಯದಾಯಿತು.

ದೋಣಿ ಉಸುಕಿಗೆ ತಾಗಿತು. ಅಂಬಿಗ ಜಿಗಿದು ಕೈಕೊಟ್ಟ. "ಸಾವಕಾಶ ಇಳೀರಿ, ಆಯೀ."

ಅವ್ವ ಇಳಿದಳು. ನಾನು ಅವಳ ಹಿಂದೆ ಇಳಿದು ತಲೆಯೆತ್ತಿದರೆ ಚಕ್ಕಡಿ, ಬಿಳಿ ಎತ್ತುಗಳು ಹೊಳೆಯ ಆ ಬದಿಗಿದ್ದವು. ಅಂಬಿಗ ನಮ್ಮನ್ನು ಆಚೆ ದಂಡೆಗೆ ಇಳಿಸಿದ್ದ.

"ತಿರುಗಿ ಬಂದ್ವೇನೋ?" ಅವ್ವ ಕೇಳಿದಳು. ಎದುರಿಗೆ ಚಕ್ಕಡಿಯೂ ಇಲ್ಲ, ಎತ್ತೂ ಇಲ್ಲ, ಹಸಿರು ಗದ್ದೆ ಮಾತ್ರ. ಅವಳು ಅದರ ಕಡೆಗೇ ಮುಖ ಮಾಡಿ ನಿಂತಿದ್ದಳು. ಅವಳಿಗೆ ಏನೂ ಕಾಣುವುದಿಲ್ಲ ಎಂದು ನನಗೆ ಆಗ ತಿಳಿಯಿತು.

"ಹೂಂ, ಬಂದ್ವಿ" ಎಂದೆ.

ಅಂಬಿಗನನ್ನು ಬದಿಗೆ ಎಳೆದು ಪಿಸುದನಿಯಲ್ಲೇ ಹರಿಹಾಯ್ದೆ. ಅವನಿಗೂ ದಿಗಿಲು. "ಹತ್ತಿದಲ್ಲೇ ಇಳಿಯಾಕ ಯಾರರ ದೋಣಿ ಹತ್ತತಾರೇನ್ರಿ?" ಎಂದ.

"ಅವ್ವಾ, ಇನ್ನೊಂದ ಸುತ್ತು ಹೋಗೂಣೇನು?"

"ಆತು, ನಡಿ" ಎಂದು ಮತ್ತೆ ಹತ್ತಿದಳು. ಈ ಸಲ ಏನೂ ಕೇಳಲಿಲ್ಲ. ನಾನೂ ಏನೂ ಬಣ್ಣಿಸಲಿಲ್ಲ. ನೇಮ ಮುರಿಸಿದ್ದಕ್ಕೆ ಅಳಬೇಕೋ, ಅವಳಿಗೆ ಗೊತ್ತಾಗದ್ದಕ್ಕೆ ಸಮಾಧಾನ ಪಡಬೇಕೋ, ಕಣ್ಣು ಹೋದದ್ದನ್ನು ಮುಚ್ಚಿಟ್ಟಳೆಂದು ಸಿಟ್ಟಾಗಬೇಕೋ, ನನಗೇ ತಿಳಿಯಲಿಲ್ಲ.

ಮರುದಿನ ಅವ್ವ ಊಟಕ್ಕೆ ಏಳಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಹೋಗಿ ಎದುರಿಗೆ ಕೂತೆ.

"ಎರಡ ದಿನ ಉಪಾಸ ಯಾಕವ್ವಾ?"

"ನೀವಿಬ್ಬರೂ ಪಿಸಪಿಸ ಅಂದದ್ದು ಕೇಳಿಸ್ತು. ಕಣ್ಣು ಹೋಗ್ಯಾವು, ಕಿವಿ ಹೋಗಿಲ್ಲ. ನಿನ್ನಿ ಉಪಾಸ ಹೊಳಿ ದಾಟಿದ್ದಕ್ಕ. ಇವತ್ತಿಂದು ನಿನ್ನ ಸುಳ್ಳಿಗೆ."

"ಕಣ್ಣು ಕಾಣೂದಿಲ್ಲಂತ ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ಕರಕೊಂಡ ಹೋಗತಿದ್ದೇನು? ಖರೇ ಹೇಳ್ತೀನಿ, ನೀ ಹೇಳಿದ್ದೆಲ್ಲಾ ನನಗ ಕಂಡತು."

ನಾನು ಎದ್ದುಹೋದೆ. ಆ ದಿನ ನಾನೂ ಉಣ್ಣಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಯಬೇಕು. ಬಿಸಿಲು ಅಂಗಳದಿಂದ ಸರಿಯುವ ಹೊತ್ತಿಗೆ ಒಳಗಿನಿಂದ ಅವ್ವನ ದನಿ ಬಂತು.

"ಹೊತ್ತು ಮುಳುಗಾಕ ಬಂತು. ನಿನ್ನ ತಾಟಿನ ಸಪ್ಪಳಾ ಇನ್ನೂ ಯಾಕ ಕೇಳವಲ್ಲದು?"